ಐದು ದಿನ ಮುಟ್ಟಬಾರದು

ದಾವಲಸಾಬ ಕಾಕಾ ನನ್ನ ಹೆಸರು ಕೇಳುವ ಮೊದಲು ನನ್ನ ಕೈ ಮೂಸಿ ನೋಡಿದರು. ಬೆಳ್ಳಟ್ಟಿಯಲ್ಲಿ ಅವರ ರೇಷ್ಮೆ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತು, "ಎರಡೂ ಕೈ ಮುಂದ ಮಾಡವ್ವಾ" ಎಂದರು. ಮಾಡಿದೆ. ಬಗ್ಗಿ ಒಮ್ಮೆ ಮೂಸಿದರು, ಆಮೇಲೆ ತಲೆಯೆತ್ತಿ ನನ್ನ ಜಡೆಯ ಕಡೆ ಮೂಗು ತಿರುಗಿಸಿದರು. "ಕೈ ಚೊಲೊ ಅದಾವ. ತಲಿಗೆ ಏನೋ ಘಮ್ಮನ್ನೂದು ಹಚ್ಕೊಂಡಿ. ಇವತ್ತ ಒಳಗ ಬಿಡಾಂಗಿಲ್ಲ. ನಾಳೆ ತಲಿ ತೊಳ್ಕೊಂಡ ಬಾ."

ಧಾರವಾಡದಿಂದ ಗದಗ, ಗದಗದಿಂದ ಶಿರಹಟ್ಟಿ, ಅಲ್ಲಿಂದ ಮತ್ತೊಂದು, ಹೀಗೆ ಮೂರು ಬಸ್ಸು ಬದಲಿಸಿ ಮಧ್ಯಾಹ್ನದ ಬಿಸಿಲಲ್ಲಿ ಬಂದಿದ್ದೆ. ಸಿಟ್ಟು ನೆತ್ತಿಗೇರಿತು. ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದ ನನ್ನ ತಲೆಯ ಎಣ್ಣೆಯ ಮೇಲೆ ಈ ಮುದುಕನದೇನು ತಕರಾರು ಎಂದು ಗೊಣಗುತ್ತ ಬೆಟಗೇರಿಯ ನಮ್ಮ ಮನೆಗೆ ಹೋದೆ. ಮರುದಿನ ಸೀಗೆಕಾಯಿ ಹಚ್ಚಿ ತಲೆ ತೊಳೆದುಕೊಂಡು ಮತ್ತೆ ಬಂದೆ. ಸೀಗೆಕಾಯಿಗೂ ವಾಸನೆ ಇದೆ ಎಂದು ಅವರು ಗೊಣಗಿದರು, ಆದರೆ ಒಳಗೆ ಬಿಟ್ಟರು.

ರೇಷ್ಮೆ ಹುಳಕ್ಕೆ ವಾಸನೆ ಆಗಿಬರುವುದಿಲ್ಲ. ತಂಬಾಕಿನ ಕೈ ಸೋಕಿದ ಎಲೆ ತಿಂದರೆ ಸಾಯುತ್ತದೆ. ನನಗೆ ಅದು ಪುಸ್ತಕದಿಂದ ಗೊತ್ತಿತ್ತು. ಕಾಕಾನಿಗೆ ಒಂದು ಇಡೀ ಬೆಳೆ ಕೈಬಿಟ್ಟ ಮೇಲೆ ಗೊತ್ತಾಗಿತ್ತು. ಅಂದೇ ಬೀಡಿ ಬಿಟ್ಟರಂತೆ. ಅದು ದೊಡ್ಡ ಮಾತಲ್ಲ, ಬಹಳ ಜನ ಬಿಡುತ್ತಾರೆ. ಅವರು ಅತ್ತರು ಬಿಟ್ಟದ್ದು ದೊಡ್ಡದು. ಅವರ ತಂದೆ ಲಕ್ಷ್ಮೇಶ್ವರದ ಪೇಟೆಯಲ್ಲಿ ಅತ್ತರು ಮಾರುತ್ತಿದ್ದವರು. ಅಂಥವರ ಮಗ ಹಬ್ಬದ ದಿನ ನಮಾಜಿಗೆ ಹೋಗಿ ಹಿಂದಿನ ಸಾಲಿನ ತುದಿಯಲ್ಲಿ ನಿಲ್ಲುತ್ತಿದ್ದರು. ಆಲಿಂಗನ ಮಾಡಿದವರ ವಾಸನೆ ಮೈಗೆ ಹತ್ತಿತೆಂದು ಮನೆಗೆ ಬಂದು ಮತ್ತೆ ಸ್ನಾನ ಮಾಡಿ, ಹಳೆಯ ಲುಂಗಿ ಸುತ್ತಿಕೊಂಡು ಹುಳುಮನೆಗೆ ಹೋಗುತ್ತಿದ್ದರು. "ಹಬ್ಬದ ದಿನಾ ಮೂರ ಸಲ ಜಳಕಾ ಮಾಡೂ ಸಾಬಾ ಈ ತಾಲೂಕಿನ್ಯಾಗ ನಾ ಒಬ್ಬಾಂವನ" ಎಂದು ತಮ್ಮನ್ನೇ ನಗಾಡಿಕೊಳ್ಳುತ್ತಿದ್ದರು.

ಅವರ ಹುಳುಮನೆಯಲ್ಲಿ ಜೋರಾಗಿ ಮಾತಾಡುವಂತಿರಲಿಲ್ಲ. ಜಗಳವಂತೂ ನಿಷಿದ್ಧ. ಹೆಂಡತಿ ಮಾಬೂಬಿ ಕಾಕು ಬಾಯಿ ಜೋರಿನ ಹೆಣ್ಣುಮಗಳು, ನಕ್ಕರೆ ಓಣಿಗೆ ಕೇಳಬೇಕು, ಬೈದರೆ ಎರಡು ಓಣಿಗೆ. ಎಲೆ ಹಾಕುತ್ತಿರುವಾಗ ಮಾತಿಗೆ ಮಾತು ಬೆಳೆಯುವ ಲಕ್ಷಣ ಕಂಡರೆ ಕಾಕಾ ಮೆಲ್ಲಗೆ, "ಹೊರಗ ಬಾ, ಜಗಳ ಐತಿ" ಎನ್ನುವರು. ಇಬ್ಬರೂ ಕೈ ಒರೆಸಿಕೊಂಡು ಅಂಗಳಕ್ಕೆ ಹೋಗಿ, ಬೇವಿನ ಗಿಡದ ಕೆಳಗೆ ಮನಸಾರೆ ಜಗಳಾಡಿ, ಕಾಲು ತೊಳೆದುಕೊಂಡು ಒಳಗೆ ಬರುವರು. ಬಂದಮೇಲೆ ಇಬ್ಬರ ಮುಖದಲ್ಲೂ ಏನೂ ನಡೆದೇ ಇಲ್ಲವೆಂಬ ಶಾಂತಿ. ಅರ್ಧ ಮುಗಿದ ಜಗಳವನ್ನು ಮರುದಿನ ಮುಂದುವರಿಸಿದ್ದೂ ಉಂಟು. ಮುಂಡರಗಿಗೆ ಮದುವೆ ಮಾಡಿಕೊಟ್ಟ ಒಬ್ಬಳೇ ಮಗಳಿಗೆ ರೇಷ್ಮಾ ಎಂದು ಹೆಸರಿಟ್ಟಿದ್ದರು. "ಅಕಿ ಒಬ್ಬಾಕಿನ ನಮ್ಮನಿಯೊಳಗ ಗದ್ದಲಾ ಮಾಡಿ ಬೆಳದ ರೇಷ್ಮಿ" ಎಂದು ಕಾಕು ಹೇಳುತ್ತಿದ್ದರು.

ನಾನು ಬೆಟಗೇರಿಯ ನೇಕಾರರ ಓಣಿಯವಳು. ಮಗ್ಗದ ಸದ್ದು ನಿಂತರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಎಚ್ಚರವಾಗುತ್ತಿತ್ತು. ರೇಷ್ಮೆ ಎಂದರೆ ನನಗೆ ನೂಲಿನ ಲಡಿ, ಸೆರಗು, ಅಪ್ಪನ ಬೆರಳಿನಲ್ಲಿ ಕೂತ ಗೆರೆ. ಹುಳು ನೋಡಿರಲಿಲ್ಲ. ಕಾಕಾ ಅದಕ್ಕಾಗಿ ನನ್ನನ್ನು ಎಷ್ಟು ಕಾಡಿಸಿದರೆಂದರೆ, "ಹಾಲ ಕುಡದ ಬೆಳದಾಕಿ, ಆಕಳಾ ನೋಡಿಲ್ಲಂತ" ಎಂದು ಊರಿನವರಿಗೆಲ್ಲ ಪರಿಚಯ ಮಾಡಿಸುತ್ತಿದ್ದರು.

ಧಾರವಾಡದ ಪ್ರಯೋಗಾಲಯದಲ್ಲಿ ನನ್ನ ಕೆಲಸ ನೂಲಿನದಲ್ಲ. ಗೂಡನ್ನು ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಅಂಟು ತೆಗೆಯುತ್ತೇವೆ. ಉಳಿದ ಎಳೆಯನ್ನು ಕರಗಿಸಿ, ಶುದ್ಧ ಮಾಡಿ, ಹೆಪ್ಪುಗಟ್ಟಿಸಿ, ನೀರು ಹಾರಿಸಿದರೆ ಬತ್ತಾಸಿನ ಹಾಗೆ ಮೈಯೆಲ್ಲ ತೂತಿರುವ ಹಗುರವಾದ ಬಿಲ್ಲೆ ಸಿಗುತ್ತದೆ. ಆ ತೂತುಗಳಲ್ಲಿ ಆಕರ ಕೋಶಗಳನ್ನು ಬಿಡುತ್ತೇವೆ. ಎಲುಬಿನ ಮಜ್ಜೆಯಲ್ಲಿ ಇರುವ, ತಾವು ಮುಂದೆ ಏನಾಗಬೇಕೆಂದು ಇನ್ನೂ ಗೊತ್ತುಮಾಡಿಕೊಳ್ಳದ ಜೀವಕೋಶಗಳು ಅವು. ಹಿಡಿದುಕೊಳ್ಳಲು ಸರಿಯಾದ ಆಸರೆ ಸಿಕ್ಕರೆ ಬೆಳೆದು ಹರಡಿ ಎಲುಬಾಗುವ ದಾರಿ ಹಿಡಿಯಬಲ್ಲವು. ಸಿಗದಿದ್ದರೆ ತಟ್ಟೆಯ ತಳದಲ್ಲಿ ಸತ್ತು ಬೀಳುತ್ತವೆ. ಒಂದು ವರ್ಷ ನನ್ನವು ಸತ್ತು ಬೀಳುತ್ತಲೇ ಇದ್ದವು. ಪೇಟೆಯಿಂದ ತಂದ ಗೂಡಿನಲ್ಲಿ ಔಷಧದ ಅಂಶ ಇದ್ದೀತು, ಔಷಧ ಹೊಡೆಯದ ತೋಟದ ಗೂಡು ಹುಡುಕು ಎಂದು ನನ್ನ ಮಾರ್ಗದರ್ಶಕರು ಹೇಳಿದರು. ಶಿರಹಟ್ಟಿಯಲ್ಲಿ ವಿಚಾರಿಸಿದಾಗ ಒಬ್ಬರು, "ಅಂಥಾಂವ ಒಬ್ಬನ ಅದಾನ್ರಿ, ಬೆಳ್ಳಟ್ಟಿ ದಾವಲಸಾಬ. ಆದ್ರ ಭಾಳ ಕಿರಿಕಿರಿ ಮನಷ್ಯಾ" ಎಂದು ಎಚ್ಚರಿಕೆ ಕೊಟ್ಟೇ ಕಳಿಸಿದ್ದರು.

"ಸೀರಿ ನೇಯಾಂಗಿಲ್ಲ, ನೂಲ ತಗ್ಯಾಂಗಿಲ್ಲ. ಮತ್ತ ನಮ್ಮ ಗೂಡ ಒಯ್ದ ಏನ್ ಮಾಡ್ತೀಯವ್ವಾ?" ಎಂದು ಒಂದು ದಿನ ಕಾಕಾ ಕೇಳಿದರು. ಹೇಳಿದೆ. ಬತ್ತಾಸಿನ ಹೋಲಿಕೆಯನ್ನೂ ಕೊಟ್ಟೆ. ಅವರು ಗೋಡೆಗೆ ಒರಗಿಸಿದ್ದ ಚಂದ್ರಿಕೆಯ ಕಡೆ ನೋಡಿದರು. ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ತಟ್ಟೆ, ಅದರ ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ ಕಟ್ಟಿರುತ್ತಾರೆ. ಎಲೆ ತಿನ್ನುವುದನ್ನು ನಿಲ್ಲಿಸಿ ಹಣ್ಣಾದ ಹುಳುಗಳನ್ನು ಅದರ ಮೇಲೆ ಬಿಟ್ಟರೆ, ಆ ಸಂದುಗಳಲ್ಲಿ ಗೂಡು ಕಟ್ಟುತ್ತವೆ.

"ಅಂದ್ರ ನಿನ್ನ ಕಣಕ್ಕ ಚಂದ್ರಿಕಿ ಬೇಕಾಗೈತಿ" ಎಂದರು. ಕೋಶ ಅವರ ಬಾಯಲ್ಲಿ ಕಣವಾಗಿತ್ತು. "ಹಣ್ಣಾದ ಹುಳಕ್ಕ ಚಂದ್ರಿಕಿ ಸಿಗಲಿಲ್ಲಂದ್ರ ಏನ ಮಾಡ್ತೈತಿ ಗೊತ್ತೇನು? ಎಲ್ಲಿ ಹಿಡೀಲಿ, ಎಲ್ಲಿ ಹಿಡೀಲಿ ಅಂತ ತಿರಗ್ತೈತಿ. ಹೊಟ್ಯಾಗಿನ ನೂಲೆಲ್ಲಾ ನೆಲಕ್ಕ ಸುರದ ಸಾಯ್ತೈತಿ. ಜೀವಕ್ಕ ಹಿಡ್ಯಾಕ ಒಂದ ಆಸರ ಬೇಕಲ್ಲವ್ವಾ."

ನನ್ನ ಮಾರ್ಗದರ್ಶಕರು ಒಂದು ವಾರ ಹಲಗೆಯ ಮೇಲೆ ಚಿತ್ರ ಬರೆದು ತಿಳಿಸಿದ್ದನ್ನು ಕಾಕಾ ಚಹಾ ಆರುವುದರೊಳಗೆ ತಿಳಿದುಕೊಂಡಿದ್ದರು. ಅಂದಿನಿಂದ ಅವರ ಮೇಲೆ ನನ್ನ ಸಿಟ್ಟು ಹೋಗಿ ಪ್ರೀತಿ ಹತ್ತಿತು. ಬರಬರುತ್ತ ಗೂಡಿನ ನೆಪವೂ ಬೇಕಾಗುತ್ತಿರಲಿಲ್ಲ. ಊರಿಗೆ ಬಂದಾಗಲೆಲ್ಲ ಒಂದು ದಿನ ಬೆಳ್ಳಟ್ಟಿಗೆ.

ಆದರೆ ಒಮ್ಮೆ ಅವರ ಕೈಯಲ್ಲಿ ಸಿಕ್ಕಿಬಿದ್ದೆ. ಹುಳುಗಳನ್ನು ಚಂದ್ರಿಕೆಗೆ ಬಿಟ್ಟು ಮೂರನೆಯ ದಿನವಾಗಿತ್ತು. ಬೆಳ್ಳಗೆ ತುಂಬಿದ ಗೂಡು ನೋಡಿ ನನಗೆ ತಡೆಯಲಿಲ್ಲ. ಯಾರೂ ಇಲ್ಲದಾಗ ಒಂದನ್ನು ಕಿತ್ತು ಕತ್ತರಿಯಿಂದ ಸೀಳಿದೆ. ಒಳಗಿನ ಹುಳು ಇನ್ನೂ ಹುಳುವೇ ಆಗಿತ್ತು, ಅರ್ಧ ಮುದುಡಿ, ಮೆತ್ತಗೆ. ಕತ್ತರಿ ತಾಗಿ ಹಳದಿ ನೀರು ನನ್ನ ಬೆರಳಿಗೆ ಹರಿಯಿತು. ಹಿಂದಿನಿಂದ ಕಾಕಾ ಬಂದು ನಿಂತಿದ್ದರು. ಬೈಯಲಿಲ್ಲ. ಅದು ಹುಳುಮನೆ, ಅಲ್ಲಿ ಬೈಯುವಂತಿರಲಿಲ್ಲ. ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ಈಗ ನನ್ನ ಪಾಳಿ ಬಂತು ಎಂದುಕೊಂಡೆ.

"ಚಂದ್ರಿಕಿಗೆ ಬಿಟ್ಟ ಮ್ಯಾಲೆ ಐದ ದಿನಾ ಮುಟ್ಟಬಾರ್ದು" ಎಂದರು, ಮೆಲ್ಲಗೆ. "ಅಳಗ್ಯಾಡಸಬಾರ್ದು. ಬಿಚ್ಚಿ ನೋಡಬಾರ್ದು. ಒಳಗ ಕೆಲಸಾ ನಡದಿರ್ತೈತಿ. ನಾವು ಹೊರಗ ಕೈಕಟ್ಟಿ ಕುಂಡ್ರಬೇಕು. ಏನ ವಾಸನಿ ಬರ್ಲಿ, ಏನ ಸಂಶೆ ಬರ್ಲಿ, ಆರನೇ ದಿನಾ ಬಿಡಸಬೇಕು. ಈ ಮಾತ ನಮಗ ಕಲಮಾ ಇದ್ದಂಗ."

ತಲೆ ತಗ್ಗಿಸಿ ಕೇಳಿದೆ. ಆ ಬೆಳೆಯ ಗೂಡನ್ನು ಆರನೆಯ ದಿನ ಬಿಡಿಸಿ, ಒಂದೊಂದನ್ನೂ ಕಿವಿಯ ಹತ್ತಿರ ಅಲುಗಿಸಿ ಆರಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿಕೊಟ್ಟರು. ಆ ಗೂಡಿನಿಂದ ಮಾಡಿದ ಬಿಲ್ಲೆಯಲ್ಲಿ ನನ್ನ ಕೋಶಗಳು ಬದುಕಿದವು. ಸೂಕ್ಷ್ಮದರ್ಶಕದ ಕೆಳಗೆ ಅವು ಕಾಲು ಚಾಚಿ ರೇಷ್ಮೆಯ ಗೋಡೆ ಹಿಡಿದುಕೊಂಡದ್ದನ್ನು ನೋಡಿ ನಾನು ಪ್ರಯೋಗಾಲಯದಲ್ಲಿ ಅತ್ತೆ. ಅಪ್ಪನಿಗೂ ಹೇಳುವ ಮೊದಲು ಬೆಳ್ಳಟ್ಟಿಗೆ ಫೋನ್ ಮಾಡಿ, "ಹತ್ತಿದ್ವು ಕಾಕಾ!" ಎಂದು ಕೂಗಿದೆ. ಆ ಕಡೆಯಿಂದ ಕಾಕಾನ ಧ್ವನಿಗಿಂತ ಮೊದಲು ಕಾಕುವಿನ ನಗು ಕೇಳಿತು.

ಮುಂದಿನ ಸಲ ಹೋದಾಗ ಒಂದು ಬಿಲ್ಲೆಯನ್ನು ಡಬ್ಬಿಯಲ್ಲಿ ಹಾಕಿ ಅವರಿಗೆ ತೋರಿಸಲು ಒಯ್ದೆ. ಕಾಕು ಅದನ್ನು ಅಂಗೈಯಲ್ಲಿಟ್ಟು, "ಇದರಾಗ ಎಲುಬ ಬೆಳೀತೈತಾ? ಯಾ ಅಲ್ಲಾ!" ಎಂದು ಹುಬ್ಬೇರಿಸಿದರು. ಆಗ ನಾನು ಆಡಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. "ಎಲುಬ ಒಂದ ಅಲ್ಲ ಕಾಕು. ಸುಟ್ಟ ಗಾಯಕ್ಕ ಹೊಸಾ ಚರ್ಮ, ಮಾಯಲಾರದ ಹುಣ್ಣಿಗೆ ಹೊಸಾ ಮಾಂಸ. ನಿಮ್ಮ ಬೆಳ್ಳಟ್ಟಿ ಗೂಡಿನಿಂದನ ಆಗ್ತೈತಿ, ನೋಡ್ತಿರ್ರಿ." ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದೆ. ನನ್ನ ಕೋಶಗಳು ಇದ್ದದ್ದು ಗಾಜಿನ ತಟ್ಟೆಯಲ್ಲಿ. ಒಂದು ಇಲಿಯ ಮೈಯನ್ನೂ ಅವು ಇನ್ನೂ ಕಂಡಿರಲಿಲ್ಲ. ಮನುಷ್ಯರ ಮೈ ಮುಟ್ಟುವ ಮೊದಲು ವರ್ಷಗಟ್ಟಲೆ ಪರೀಕ್ಷೆ ನಡೆಯಬೇಕು, ಅದರಲ್ಲಿ ಬಹಳಷ್ಟು ಪ್ರಯೋಗ ಬಿದ್ದೇ ಹೋಗುತ್ತವೆ. ಇದೆಲ್ಲ ನನಗೆ ಗೊತ್ತಿತ್ತು. ಅವರ ಮುಖದ ಬೆಳಕು ನೋಡುವ ಆಸೆಗೆ ಅದನ್ನು ಹೇಳಲಿಲ್ಲ, ಅಷ್ಟೇ.

ಆಮೇಲೆ ನನಗೆ ಪರೀಕ್ಷೆ, ವರದಿ, ಅದು ಇದು. ಆರು ತಿಂಗಳು ಬೆಳ್ಳಟ್ಟಿಯ ಕಡೆ ಹೋಗಲಾಗಲಿಲ್ಲ. ನಡುವೆ ಒಂದು ಮಧ್ಯಾಹ್ನ ಕಾಕಾನ ಫೋನ್ ಬಂತು. ನಾನು ಪ್ರಯೋಗಾಲಯದ ಹೊರಗೆ ನಿಂತು ಗೆಳತಿಯರೊಂದಿಗೆ ಚುರುಮುರಿ ತಿನ್ನುತ್ತಿದ್ದೆ.

"ಕಣಾ ಇನ್ನೂ ಬದಕ್ಯಾವೇನವ್ವಾ?"

"ಬದಕ್ಯಾವ ಕಾಕಾ. ಹೆಚ್ಚಾಗ್ಯಾವ."

"ಚರ್ಮಾ ಆಗ್ತಾವೇನು?"

"ಯಾಕ ಆಗೂದಿಲ್ಲ? ಆಗ್ತಾವ."

"ಒಂದ ಅಂಗೈಯಷ್ಟ ಜಾಗಾ ಮುಚ್ಚಾಕ ಎಷ್ಟ ಗೂಡ ಬೇಕಾದೀತು?"

ನಾನು ನಕ್ಕೆ. "ಅಯ್ಯ, ಒಂದ ಹಿಡಿ ಸಾಕ ಕಾಕಾ."

"ಆತವ್ವಾ, ಆತು" ಎಂದು ಫೋನ್ ಇಟ್ಟರು. ಅಂಗೈಯಷ್ಟು ಜಾಗ ಯಾವುದು, ಯಾರದು ಎಂದು ನಾನು ಕೇಳಲಿಲ್ಲ. ಕೈಯಲ್ಲಿ ಚುರುಮುರಿ ಇತ್ತು, ಗೆಳತಿಯರು ಕರೆಯುತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ನೂರು ಸಲ ಬರೆದಿದ್ದೇನೆ. ಆ ಗಾದೆಯ ಅರ್ಥ ನನಗೆ ಆ ವರ್ಷ ತಿಳಿಯಿತು.

ಇಪ್ಪತ್ತು ದಿನಕ್ಕೆ ಮತ್ತೊಂದು ಫೋನ್. ಹೆಣ್ಣಿನ ಧ್ವನಿ. "ನೀವು ಧಾರವಾಡದ ರೇಷ್ಮಿ ಮೇಡಂ ಏನ್ರಿ? ನಾ ರೇಷ್ಮಾ, ದಾವಲಸಾಬರ ಮಗಳು. ನಮ್ಮಮ್ಮನ ಕಾಲ ತಗದ್ರು. ನಿಮ್ಮ ಪಟ್ಟಿ ಅಕಿನ ಕಾಲ ತಿಂತು. ಬಂದ ನೋಡ್ರಿ."

ಹುಬ್ಬಳ್ಳಿಯ ಆಸ್ಪತ್ರೆಗೆ ಓಡಿದೆ. ಯಾವ ಪಟ್ಟಿ, ಯಾವ ಕಾಲು, ಏನೂ ತಿಳಿದಿರಲಿಲ್ಲ. ಕಾಕಾ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ಕಂಡವರೇ ಜಾಗ ಬಿಟ್ಟು ಸರಿದು ಕೂತರು. ನಾನು ಕೇಳುವ ಮೊದಲೇ, ಒಪ್ಪಿಸುವ ಹುಡುಗನ ಹಾಗೆ ಎಲ್ಲ ಹೇಳಿದರು.

ಕಾಕುವಿಗೆ ಸಕ್ಕರೆ ಬ್ಯಾನಿ ಇತ್ತು. ಹಿಪ್ಪುನೇರಳೆಯ ತೋಟದಲ್ಲಿ ಗಿಡ ಕಡಿದ ಮೇಲೆ ನೆಲದಿಂದ ಗೇಣುದ್ದ ಚೂಪು ಕೂಳೆ ಉಳಿಯುತ್ತದೆ. ಹುಳುಮನೆಗೂ ತೋಟಕ್ಕೂ ತಿರುಗುವಾಗ ಚಪ್ಪಲಿ ಬಿಚ್ಚಿ ಹಾಕುವ ಬೇಸರಕ್ಕೆ ಅವರು ಬರಿಗಾಲಲ್ಲೇ ಓಡಾಡುತ್ತಿದ್ದರು. ಕೂಳೆ ಹೆಬ್ಬೆರಳ ಬುಡಕ್ಕೆ ಚುಚ್ಚಿತು. ಗಾಯ ಮಾಯಲಿಲ್ಲ, ಅಂಗೈಯಗಲ ಆಯಿತು. ಗದಗಿನಲ್ಲಿ ವೈದ್ಯರು ನೋಡಿ, ಹೆಬ್ಬೆರಳು ತೆಗೆದರೆ ಪಾದ ಉಳಿಯುತ್ತದೆ, ಎರಡು ದಿನದಲ್ಲಿ ಬನ್ನಿ ಎಂದಿದ್ದರು.

"ಅವತ್ತ ನಿನಗ ಫೋನ್ ಹಚ್ಚಿದೆ" ಎಂದರು ಕಾಕಾ. "ಒಂದ ಹಿಡಿ ಸಾಕಂದಿ. ಬೆಳ್ಳಗಿನ್ನೂ ಚೊಲೊ ಗೂಡ ಆರಿಸಿದೆ. ನೀ ಹೇಳಿದಂಗ ಸೋಡಾ ಹಾಕಿ ಕುದಿಸಿ ಅಂಟ ತಗದೆ. ಕರಗಸೂದ ನನಗ ಬರೂದಿಲ್ಲ, ಅದಕ್ಕ ಎಳಿ ಬಿಡಿಸಿ ತೆಳ್ಳಗ ಹಾಸಿದೆ. ಕೈ ಏಳ ಸಲ ತೊಳದೆ. ಹುಣ್ಣಿನ ಮ್ಯಾಲೆ ಹಾಕಿ ಕಟ್ಟಿದೆ. ಅಕಿನ ಕಣಾ ಅಕಿನ ಮೈಯಾಗ ಅದಾವಲ್ಲ, ಚಂದ್ರಿಕಿ ಕೊಟ್ರ ಹಿಡಕೋತಾವ ಅಂದ್ಕೊಂಡೆ."

"ನನ್ನ ಯಾಕ ಕೇಳಲಿಲ್ಲ ಕಾಕಾ? ಕಾಲ ಹುಣ್ಣು ಅಂತ ಒಂದ ಮಾತ ಹೇಳಬಾರ್ದಿತ್ತಾ?"

"ಕೇಳಿದ್ರ ನೀ ಬ್ಯಾಡ ಅಂತಿದ್ದಿ." ನೆಲ ನೋಡುತ್ತ ಹೇಳಿದರು. "ಬ್ಯಾಡ ಅನ್ನೂದ ನನಗ ಕೇಳೂದ ಬ್ಯಾಡಾಗಿತ್ತು."

ಉಳಿದದ್ದನ್ನು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಕಟ್ಟಿದ ಪಟ್ಟಿಯನ್ನು ಅವರು ಐದು ದಿನ ಬಿಚ್ಚಲಿಲ್ಲ. ಒಳಗೆ ಕೆಲಸ ನಡೆದಿದೆ, ಮುಟ್ಟಬಾರದು. ಮೂರನೆಯ ದಿನ ವಾಸನೆ ಬಂತು. ತಟ್ಟೆಯಲ್ಲಿ ಒಂದು ಹುಳಕ್ಕೆ ರೋಗ ಹತ್ತಿದರೆ ಬಾಗಿಲಲ್ಲೇ ನಿಂತು ಕಂಡುಹಿಡಿಯುವ ಮೂಗು ಅದು. ಗೊತ್ತಾಗದೆ ಇರಲು ಸಾಧ್ಯವೇ ಇಲ್ಲ. ಗೊತ್ತಾಗಿತ್ತು. ಚಂದ್ರಿಕೆಯಿಂದಲೂ ಒಂದು ಬಗೆಯ ವಾಸನೆ ಬಂದೇ ಬರುತ್ತದಲ್ಲ, ಇದೂ ಹಾಗೇ ಎಂದು ತಮಗೆ ತಾವೇ ಹೇಳಿಕೊಂಡರು. ಕಾಕು ನೋವೆನ್ನಲಿಲ್ಲ, ಸಕ್ಕರೆಗೆ ಪಾದ ಮೊದಲೇ ಜೋಮು ಹಿಡಿದಿತ್ತು. ಆರನೆಯ ದಿನ ಬೆಳಿಗ್ಗೆ ಕೈಕಾಲು ತೊಳೆದು, ದೇವರ ಹೆಸರು ಹೇಳಿ ಪಟ್ಟಿ ಬಿಚ್ಚಿದರು. ಪಾದ ಕರ್ರಗಾಗಿತ್ತು.

ಮೊಣಕಾಲಿನ ಮೇಲಿನಿಂದ ಕಾಲು ತೆಗೆಯಬೇಕಾಯಿತು.

ರೇಷ್ಮಾ ನನ್ನನ್ನು ವಾರ್ಡಿನ ಬಾಗಿಲಲ್ಲಿ ನಿಲ್ಲಿಸಿ ಬಾಯಿಗೆ ಬಂದದ್ದು ಬೈದಳು. ನಾನು ಕೇಳಿಸಿಕೊಂಡೆ. ಕೊನೆಗೆ ಕಾಕಾ ಎದ್ದು ಬಂದು ಮಗಳಿಗೆ, "ಅಕಿಗೆ ಬೈಬ್ಯಾಡ. ಅಕಿ ಗಾಜಿನ ತಾಟಿನ ಮಾತ ಹೇಳಿದ್ಲು. ಮೈ ಮ್ಯಾಲೆ ಹಾಕಿದಾಂವ ನಾನು" ಎಂದರು. ಬೈಗುಳಕ್ಕಿಂತ ಅದೇ ನನಗೆ ಹೆಚ್ಚು ತಾಗಿತು. ಆ ದಿನದಿಂದ ನನ್ನ ಕೆಲಸದ ಬಗ್ಗೆ ಯಾರು ಏನೇ ಕೇಳಲಿ, ಇನ್ನೂ ನೋಡಬೇಕು ಎಂದಷ್ಟೇ ಹೇಳುತ್ತೇನೆ. ಗೆಳತಿಯರು ನಗುತ್ತಾರೆ. ನಗಲಿ.

ಕಾಕು ಮನೆಗೆ ಬಂದ ಮೇಲೆ ಹೋದೆ. ಹೋಗುವ ಧೈರ್ಯಕ್ಕೆ ಎ‌ರಡು ತಿಂಗಳು ಬೇಕಾಯಿತು. ಕಾಕು ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತಿದ್ದರು. ಕಾಕಾ ಹುಳುಮನೆಯಲ್ಲಿದ್ದರು. ಹೆಂಡತಿ ಹೇಳಿದ ಮೇಲೆ ಮತ್ತೆ ಹುಳು ತಂದಿದ್ದರಂತೆ. "ಇಲ್ಲಂದ್ರ ದಿನಾ ಪೂರ್ತಿ ನನ್ನ ಮುಂದ ಕುಂತ ನನ್ನ ಕಾಲ ನೋಡತಾರ" ಎಂದರು ಕಾಕು. ಆಮೇಲೆ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡರು. ಆ ಜೋರು ಬಾಯಿಯ ಹೆಣ್ಣುಮಗಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅಂಗಳದಲ್ಲಿ ಎಂದೂ ಕೇಳಿರಲಿಲ್ಲ.

"ಮೂರನೇ ದಿನಾ ನನಗ ಮೈ ಕಾದಿತ್ತು ಬೇಟಾ. ತಿಳೀತು, ಇದು ಚೊಲೊ ಅಲ್ಲಂತ. ಹೇಳಲಿಲ್ಲ. ದಿನಾ ಮುಂಜಾನೆ ಅವರು ಪಟ್ಟಿ ಮುಂದ ಕುಂತು, ಇನ್ನ ಎರಡ ದಿನಾ ಮಾಬೂಬಿ, ಇನ್ನ ಒಂದ ದಿನಾ ಮಾಬೂಬಿ ಅಂತ ಹುಡುಗೂರಂಗ ನಗತಿದ್ರು. ಅದನ್ನ ಹೆಂಗ ಕೆಡಸಲಿ? ಅವರಿಗೆ ಇದು ಗೊತ್ತಿಲ್ಲ. ನಿನಗ ಒಂದಲ್ಲ ಒಂದಿನಾ ಕೇಳತಾರ, ಮೊದಲ ಹೋಗಿದ್ರ ಕಾಲ ಉಳೀತಿತ್ತೇನು ಅಂತ. ಕಲತಾಕಿ ನೀನು, ನಿನ್ನ ಮಾತ ನಂಬತಾರ. ಹೇಳು: ಕಾಲು ಕೂಳಿ ಚುಚ್ಚಿದ ದಿನಾನ ಹೋಗಿತ್ತು, ಯಾರ ಏನ ಮಾಡಿದ್ರೂ ಉಳೀತಿದ್ದಿಲ್ಲ. ಇಷ್ಟ ಹೇಳಬೇಕು. ನನ್ನ ಮ್ಯಾಲೆ ಆಣಿ."

ಅದು ಸುಳ್ಳು. ಗದಗಿನ ವೈದ್ಯರು ಹೇಳಿದಂತೆ ಹೆಬ್ಬೆರಳು ಕೊಟ್ಟಿದ್ದರೆ ಪಾದ ಉಳಿಯುತ್ತಿತ್ತು. ಅದು ನನಗೂ ಗೊತ್ತು, ಕಾಕುವಿಗೂ ಗೊತ್ತಿತ್ತು. ಆಣೆ ಮಾಡಿದೆ.

ಮರುವರ್ಷ ಸಕ್ಕರೆ ಬ್ಯಾನಿ ಮೂತ್ರಪಿಂಡಕ್ಕೆ ಇಳಿದು ಕಾಕು ತೀರಿಕೊಂಡರು. ಅವರ ಮಣ್ಣಿಗೆ ಹೋದಾಗ ಕಾಕಾ ನನ್ನನ್ನು ನೋಡಿದರು, ಆದರೆ ಗುರುತು ಹಿಡಿದರೋ ಇಲ್ಲವೋ ಗೊತ್ತಾಗಲಿಲ್ಲ. ಆಮೇಲೆ ಅವರು ಹುಳು ತರಲಿಲ್ಲ. ಚಂದ್ರಿಕೆಗಳನ್ನು ಶಿಗ್ಲಿಯ ಒಬ್ಬರಿಗೆ ಕೊಟ್ಟುಬಿಟ್ಟರಂತೆ. ಗೂಡಿಗೆ ನಾನು ಬೇರೆ ಕಡೆ ಹೋಗತೊಡಗಿದೆ. ಬೆಳ್ಳಟ್ಟಿಗೆ ಹೋದರೂ ಅರ್ಧ ತಾಸು ಕೂತು ಬರುತ್ತಿದ್ದೆ. ಕಾಕಾ ಪ್ರತಿ ಸಲ, "ಇಲಿಗೆ ಹಚ್ಚಿದ್ರೇನು? ಮನಷ್ಯಾರಿಗೆ ಯಾವಾಗ?" ಎಂದು ಕೇಳುವರು. ನಾನು ಪ್ರತಿ ಸಲ, "ಇನ್ನೂ ನೋಡಬೇಕು ಕಾಕಾ" ಎನ್ನುವೆ. ತಲೆಯಾಡಿಸುವರು.

ಈಗ ಅವರೂ ಇಲ್ಲ. ಕಳೆದ ಚಳಿಗಾಲದಲ್ಲಿ ರೇಷ್ಮಾಳೇ ಫೋನ್ ಮಾಡಿ, "ಅಬ್ಬಾ ಹೋದ್ರು ಅಕ್ಕಾ" ಎಂದಳು. ಮೊದಲ ಸಲ ಅಕ್ಕಾ ಎಂದಳು. ಬಸ್ಸು ಸಿಗುವುದು ತಡವಾಗಿ, ನಾನು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೀಗಾಗಿ ನನಗೆ ಉಳಿದಿರುವುದು ಅದಕ್ಕಿಂತ ಮೂರು ತಿಂಗಳು ಹಿಂದಿನ ಭೇಟಿ.

ಸಂಜೆಯ ಬಿಸಿಲು ಇನ್ನೂ ಇತ್ತು. ಕಾಕಾ ಖಾಲಿ ಹುಳುಮನೆಯ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಬಹಳ ಇಳಿದಿದ್ದರು. ನಾನೂ ಎದುರಿಗೆ ಕೂತು ಒಂದಷ್ಟು ಕಾಯಿ ತೆಗೆದುಕೊಂಡೆ. ಅವರು ಇಲಿಯ ಬಗ್ಗೆ ಕೇಳಲಿಲ್ಲ. ಮಳೆ, ರೇಷ್ಮಾಳ ಮಕ್ಕಳು, ನಮ್ಮ ಓಣಿಯಲ್ಲಿ ನಿಂತ ಮಗ್ಗಗಳು, ಹೀಗೆ ಮಾತಾಡಿದೆವು. ನಾನು ಹೊರಡಲು ಎದ್ದಾಗ, ತಲೆಯೆತ್ತದೆ ಕೇಳಿದರು.

"ಗದಗಿನ ಡಾಕ್ಟರು ಬೆರಳ ತಗೀತೀವಿ ಅಂದಾಗ ನಾ ಹೂಂ ಅಂದಿದ್ರ, ಅಕಿನ ಕಾಲ ಉಳೀತಿತ್ತೇನವ್ವಾ?"

ಎರಡು ವರ್ಷದಿಂದ ಕಾಯುತ್ತಿದ್ದ ಪ್ರಶ್ನೆ. ನಾನು ಉಸಿರು ತೆಗೆದುಕೊಳ್ಳದೆ ಹೇಳಿದೆ. "ಇಲ್ಲ ಕಾಕಾ. ಕಾಲು ಕೂಳಿ ಚುಚ್ಚಿದ ದಿನಾನ ಹೋಗಿತ್ತು. ಯಾರ ಏನ ಮಾಡಿದ್ರೂ ಉಳೀತಿದ್ದಿಲ್ಲ."

ಅವರ ಕೈ ನಿಂತಿತು. ನನ್ನ ಮುಖ ನೋಡಿದರು.

"ನೀ ಯಾವ್ದಕ್ಕೂ ಇನ್ನೂ ನೋಡಬೇಕು ಅನ್ನಾಕಿ. ಇಷ್ಟ ಜಲ್ದಿ ಉತ್ತರಾ ನಿನ್ನ ಹತ್ತರ ಇರೂದಿಲ್ಲ" ಎಂದರು. "ಇದು ಅಕಿ ಹೇಳಿಕೊಟ್ಟ ಮಾತು."

ನನಗೆ ಅಳು ಬಂತು. ಅವರು ಅಳಲಿಲ್ಲ. ಮಡಿಲಲ್ಲಿದ್ದ ಸಿಪ್ಪೆಯನ್ನು ಒಂದು ಕಡೆ ಸರಿಸಿ, ಕಟ್ಟೆಯ ಮೇಲೆ ತಮ್ಮ ಪಕ್ಕದ ಜಾಗವನ್ನು ಕೈಯಿಂದ ಒರೆಸಿದರು.

"ಕುಂಡ್ರು" ಎಂದರು. "ಇನ್ನೊಮ್ಮೆ ಹೇಳು. ಅಕಿ ಹೆಂಗ ಹೇಳಿದ್ಲು, ಹಂಗ ಹೇಳು."

ನಾನು ಕೂತೆ. ಇನ್ನೊಮ್ಮೆ ಹೇಳಿದೆ.